ಟಿಪ್ಪಣಿ ಕಡಿಮೆ ಮಾಡಿದ ಮೇಲೆ ಕಿವಿಗೆ ಬಿದ್ದದ್ದು

ಕೆಲವು ವರ್ಷಗಳ ಹಿಂದೆ ಕಲಬುರಗಿಯಲ್ಲಿ ಬಹಮನಿ ಸುಲ್ತಾನರ ಕುರಿತು ನಡೆದ ಉಪನ್ಯಾಸವೊಂದನ್ನು ಮೊದಲ ಸಾಲಿನಲ್ಲೇ ಕುಳಿತು ಒಂದೂವರೆ ತಾಸು ಕೇಳಿ, ಏಳು ಪುಟ ಟಿಪ್ಪಣಿ ಬರೆದುಕೊಂಡು ಹೊರಬಂದಿದ್ದೆ. ಕಿವಿ ತುಸು ಮಂದವಾಗಿದ್ದ ನೆರೆಮನೆಯ ಹಿರಿಯರು ಆಟೋದಲ್ಲಿ, "ಮಾಸ್ತರ್ರ, ರಾಜಧಾನಿ ಬೀದರಕ್ಕ ಯಾಕ ಹೋತಂತ್ರೀ?" ಎಂದು ಕೇಳಿದರು. ನನ್ನ ವಹಿಯಲ್ಲಿ 1347ರಲ್ಲಿ ರಾಜ್ಯ ಸ್ಥಾಪನೆಯಾದದ್ದಿತ್ತು, ಕೋಟೆಯೊಳಗಿನ ಜಾಮಿ ಮಸೀದಿಯ 1367 ಇತ್ತು, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದ ಸುಲ್ತಾನ ಅಹಮದ್ ಶಾಹನ ಹೆಸರೂ ಇತ್ತು. ಕಾರಣ ಮಾತ್ರ ಇರಲಿಲ್ಲ. ಭಾಷಣಕಾರರು ಅದನ್ನು ಹೇಳುತ್ತಿದ್ದಾಗ ನಾನು ಹಿಂದಿನ ವಾಕ್ಯದ ಇಸವಿಯನ್ನು ಬರೆದುಕೊಳ್ಳುತ್ತಿದ್ದೆ.

ಆಡುವ ಮಾತಿನ ವೇಗಕ್ಕೆ ಬರೆಯುವ ಕೈ ಎಂದೂ ಸಮನಾಗದು. ಆದ್ದರಿಂದ ಎಲ್ಲವನ್ನೂ ಬರೆಯಲು ಹೊರಟವನು ಅರ್ಧವನ್ನು ಕೇಳಿಸಿಕೊಳ್ಳುವುದೇ ಇಲ್ಲ ಎಂಬುದು ಅಂದು ನನಗೆ ಮನದಟ್ಟಾಯಿತು. ಆಮೇಲಿನಿಂದ ಒಂದೇ ಹಾಳೆಯನ್ನು ಒಯ್ಯುತ್ತೇನೆ. ಹೊರಡುವ ಮೊದಲು ಆ ವಿಷಯದ ಮೇಲೆ ನನಗೆ ನಿಜವಾಗಿ ತಿಳಿಯಬೇಕೆನಿಸಿದ ಎರಡು ಪ್ರಶ್ನೆಗಳನ್ನು ಎಡಬದಿಗೆ ಬರೆದಿರುತ್ತೇನೆ. ಮುಂದೊಮ್ಮೆ ಅದೇ ಮಸೀದಿಯ ಬಗ್ಗೆ ಮಾತಿದ್ದಾಗ "ಇದಕ್ಕೆ ಬಯಲು ಅಂಗಳ ಏಕಿಲ್ಲ?" ಎಂದು ಬರೆದುಕೊಂಡು ಹೋಗಿದ್ದೆ. "ಅಂಗಳ" ಎಂಬ ಪದ ಬಂದೊಡನೆ ಕಿವಿ ತಾನಾಗಿ ನೆಟ್ಟಗಾಯಿತು. ಇಡೀ ಪ್ರಾರ್ಥನಾ ಸ್ಥಳಕ್ಕೆ ಮೇಲ್ಛಾವಣಿ ಹಾಕಿದ್ದರಿಂದ ಬೆಳಕು ಮತ್ತು ಗಾಳಿ ಬದಿಯ ಅಗಲವಾದ ಕಮಾನುಗಳಿಂದ ಒಳಬರುತ್ತವೆ ಎಂದು ಭಾಷಣಕಾರರು ವಿವರಿಸಿದ್ದು ಇಂದಿಗೂ ಬರೆಹವಿಲ್ಲದೆ ನೆನಪಿದೆ.

ಮನಸ್ಸು ಅಲೆಯುವುದನ್ನು ನಿಲ್ಲಿಸಲು ನನ್ನಿಂದಾಗಿಲ್ಲ. ಅಲೆದು ಮರಳಿದಾಗಲೆಲ್ಲ ಹಾಳೆಯ ಅಂಚಿನಲ್ಲಿ ಒಂದು ಚುಕ್ಕೆ ಇಡುತ್ತೇನೆ, ಅಷ್ಟೇ. ತಪ್ಪಿಹೋದ ಮಾತನ್ನು ಹುಡುಕಲು ಹೋದರೆ ಮುಂದಿನದೂ ತಪ್ಪುತ್ತದೆ; ಅದರ ಬದಲು "ಆದರೆ", "ಹೀಗಾಗಿ" ಎಂಬ ಮಾತಿಗಾಗಿ ಕಾಯುತ್ತೇನೆ, ಏಕೆಂದರೆ ಒಳ್ಳೆಯ ಭಾಷಣಕಾರರು ಅಲ್ಲಿಂದಲೇ ಎಳೆಯನ್ನು ಮತ್ತೆ ಹಿಡಿಯುತ್ತಾರೆ. ಒಮ್ಮೆ ಹತ್ತೊಂಬತ್ತು ಚುಕ್ಕೆಗಳಾಗಿದ್ದವು. ಅಂದು ಬೇಸಿಗೆಯ ಬಿಸಿಲಿಗೆ ಹೆದರಿ ಕೂಲರಿನ ಪಕ್ಕ ಕುಳಿತಿದ್ದೆ. ಮೈ ತಂಪಾಗಿತ್ತು, ಆದರೆ ಅದರ ಗರಗರ ಸದ್ದಿನಲ್ಲಿ ಪದಗಳ ಕೊನೆಯೇ ಕೇಳಿಸುತ್ತಿರಲಿಲ್ಲ. ಈಗ ಬೆವರಿದರೂ ಮೂರನೆಯ ಸಾಲಿನ ನಡುವೆ ಕೂರುತ್ತೇನೆ. ಮೊಬೈಲು ಸ್ಕೂಟರಿನ ಡಿಕ್ಕಿಯಲ್ಲಿರುತ್ತದೆ.

ನಮ್ಮ ಸಭೆಗಳಲ್ಲಿ ಶಾಲು, ಹಾರ, ಸ್ವಾಗತಗಳಿಗೇ ಮುಕ್ಕಾಲು ತಾಸು ಹೋಗುವುದುಂಟು. ಆ ಹೊತ್ತಿನಲ್ಲಿ ಗಮನವಿಟ್ಟು ಕುಳಿತರೆ ಮುಖ್ಯ ಭಾಷಣಕ್ಕೆ ಮನಸ್ಸು ದಣಿದಿರುತ್ತದೆ ಎಂದು ಕಂಡುಕೊಂಡ ಮೇಲೆ, ಸಂಘಟಕರು ಏನಾದರೂ ಅಂದುಕೊಳ್ಳಲಿ ಎಂದು ಹೊರಗೆ ಹೋಗಿ ಚಹಾ ಕುಡಿದು ಬರುತ್ತೇನೆ.

ಮನೆಗೆ ಹೋಗುವ ದಾರಿಯಲ್ಲಿ ಕೇಳಿದ್ದನ್ನು ಆ ಹಿರಿಯರಿಗೆ ನಾನೇ ಹೇಳುವುದು ಈಗ ರೂಢಿಯಾಗಿದೆ. ಎಲ್ಲಿ ತಡವರಿಸುತ್ತೇನೋ ಅಲ್ಲಿ ಸರಿಯಾಗಿ ಕೇಳಿಸಿಕೊಂಡಿಲ್ಲವೆಂದು ಗೊತ್ತಾಗುತ್ತದೆ. ಬೀದರಿನ ಪ್ರಶ್ನೆಗೂ ಇನ್ನೊಂದು ಉಪನ್ಯಾಸದಲ್ಲಿ ಉತ್ತರ ಸಿಕ್ಕಿತು. ಎತ್ತರದ ನೆಲ, ಹಿತವಾದ ಹವೆ, ರಾಜ್ಯದ ನಡುಭಾಗಕ್ಕೆ ಹತ್ತಿರದ ನೆಲೆ ಎಂದು ನಾನು ಕಾರಣಗಳನ್ನು ಹೇಳುತ್ತಿದ್ದಂತೆ ಅವರು ಹೆಗಲ ಮೇಲಿನ ವಸ್ತ್ರದಿಂದ ಬೆವರು ಒರೆಸಿಕೊಂಡು, "ಹವಾದ ಮಾತು ಖರೇ ಬಿಡ್ರಿ" ಎಂದರು.