ಸಿಡ್ನಿ ಟೌನ್ ಹಾಲಿನ ಆರ್ಗನ್ ಪಕ್ಕದಲ್ಲಿ ನಿಂತು

ಸಿಡ್ನಿ ಟೌನ್ ಹಾಲಿನ ಮಧ್ಯಾಹ್ನದ ಆರ್ಗನ್ ಕಛೇರಿಗಳಲ್ಲಿ ವಾದಕರ ಪಕ್ಕದಲ್ಲಿ ನಿಂತು ಸ್ಟಾಪ್‌ಗಳನ್ನು, ಅಂದರೆ ಯಾವ ಕೊಳವೆಸಾಲು ನುಡಿಯಬೇಕೆಂದು ಆರಿಸುವ ಗುಂಡಿಗಳನ್ನು, ಎಳೆದು ತಳ್ಳುವ ಸಹಾಯಕನ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಧಾರವಾಡದಲ್ಲಿ ಹಾರ್ಮೋನಿಯಂ ಕಲಿತು ಬಂದ ನನಗೆ ತಿದಿ, ಸ್ಟಾಪ್, ಶ್ರುತಿ ಇವು ಹೊಸವಲ್ಲ. ಆದರೆ ಲಂಡನ್ನಿನ ಹಿಲ್ ಅಂಡ್ ಸನ್ ಸಂಸ್ಥೆ ಕಟ್ಟಿದ, 1890ರಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಅತಿ ದೊಡ್ಡದೆನಿಸಿದ್ದ ಈ ವಾದ್ಯಕ್ಕೆ ಐದು ಕೀಲಿಮಣೆಗಳು, ಕಾಲಿನಿಂದ ನುಡಿಸುವ ಪೆಡಲ್ ಸಾಲು, ನೂರಕ್ಕೂ ಮಿಕ್ಕಿದ ಸ್ಟಾಪ್‌ಗಳು ಮತ್ತು ಎಂಟು ಸಾವಿರಕ್ಕೂ ಹೆಚ್ಚು ಕೊಳವೆಗಳಿವೆ.

ಮೊದಲು ನನಗೆ ಸಿಕ್ಕಿದ್ದು ಶ್ರುತಿಗಾರರಿಗೆ ಕೀಲಿಮಣೆಯ ಮನೆ, ಅಂದರೆ ಕೀಲಿ, ಒತ್ತಿ ಹಿಡಿಯುವ ಕೆಲಸ. ಅವರು ಆರ್ಗನ್ನಿನ ಒಳಗೆ ಏಣಿ ಹತ್ತಿ ಕೊಳವೆಗಳ ನಡುವೆ ಕೂತಿರುತ್ತಾರೆ. ನಾನು ಹೊರಗೆ ಒಂದು ಮನೆಯನ್ನು ಒತ್ತಿ ಹಿಡಿದು, ಶ್ರುತಿ ಕೂಡದ ಎರಡು ಸ್ವರಗಳ ನಡುವೆ ಕೇಳುವ ಏರಿಳಿತದ ಅಲೆತ ನಿಧಾನವಾಗುತ್ತ ಕಡೆಗೆ ನಿಂತು ಒಳಗಿನಿಂದ ‘ಮುಂದೆ’ ಎಂಬ ಕೂಗು ಬಂದ ಮೇಲೆ ಪಕ್ಕದ ಮನೆಗೆ ಹೋಗುತ್ತೇನೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಕೊಳಲಿನಂತೆ ನುಡಿಯುವ ಕೊಳವೆಗಳ ಶ್ರುತಿ ಸೆಕೆಂಡಿಗೆ 440 ಕಂಪನಗಳ ಸ್ವರದಲ್ಲಿ ಸುಮಾರು ಮುಕ್ಕಾಲು ಕಂಪನದಷ್ಟು ಏರುತ್ತದೆ. ಹಿತ್ತಾಳೆಯ ನಾಲಿಗೆಯುಳ್ಳ ರೀಡ್ ಕೊಳವೆಗಳು ಅಷ್ಟು ಏರುವುದಿಲ್ಲ. ಕೊಳಲಿನಂಥ ಕೊಳವೆಗಳು ಸಾವಿರಾರು, ರೀಡ್‌ಗಳು ಕೆಲವೇ ಸಾಲು; ಆದ್ದರಿಂದ ಕಛೇರಿಯ ದಿನ ಸಭಾಂಗಣ ಬೆಚ್ಚಗಾದ ಮೇಲೆ ರೀಡ್‌ಗಳನ್ನೇ ಉಳಿದವುಗಳಿಗೆ ಹೊಂದಿಸುತ್ತಾರೆ. ಈ ಕೆಲಸದಿಂದ ನನ್ನ ಕಿವಿ ಪಳಗಿದಷ್ಟು ಬೇರಾವ ಪಾಠದಿಂದಲೂ ಪಳಗಲಿಲ್ಲ.

ಸ್ಟಾಪ್ ಎಳೆಯುವಾಗ ಕಣ್ಣು ಸ್ವರಲಿಪಿಯ ಮೇಲೆ, ಕೈ ಗುಂಡಿಯ ಮೇಲೆ, ಮನಸ್ಸು ವಾದಕರ ಉಸಿರಿನ ಮೇಲೆ ಇರಬೇಕು. ಎಡಗಡೆಯ ಸ್ಟಾಪ್‌ಗಳಿಗೆ ನೀಲಿ, ಬಲಗಡೆಯವಕ್ಕೆ ಕೆಂಪು ಪೆನ್ಸಿಲ್‌ನಿಂದ ನಾನು ಹಿಂದಿನ ದಿನವೇ ಗುರುತು ಹಾಕಿಕೊಳ್ಳುತ್ತೇನೆ. ಎರಡನೆಯ ವರ್ಷದ ಒಂದು ಕಛೇರಿಯಲ್ಲಿ ಎರಡು ಹಾಳೆಗಳು ಒಟ್ಟಿಗೆ ಮಗುಚಿದ್ದನ್ನು ಗಮನಿಸದೆ, ಮೆಲುದನಿಯ ಭಾಗದಲ್ಲಿಯೇ ಟ್ರಂಪೆಟ್ ಸ್ಟಾಪ್ ಎಳೆದುಬಿಟ್ಟೆ. ವಾದಕರು ಆ ಕೀಲಿಮಣೆಯನ್ನು ಬಿಟ್ಟು ತಕ್ಷಣ ಮೇಲಿನದಕ್ಕೆ ಕೈ ಸರಿಸಿ ಕೃತಿಯನ್ನು ಉಳಿಸಿದರು. ಅಂದಿನಿಂದ ಪ್ರತಿ ಹಾಳೆಯ ಮೂಲೆಯನ್ನು ಮಡಿಚಿ, ಮುಂದಿನ ಪುಟದ ಮೊದಲ ಸ್ವರವನ್ನು ಹಿಂದಿನ ಪುಟದ ಕೊನೆಯಲ್ಲಿ ಬರೆದಿಡುತ್ತೇನೆ.

ಒಂದು ಸ್ಟಾಪನ್ನು ಮಾತ್ರ ವಾದಕರು ಸ್ಪಷ್ಟವಾಗಿ ಹೇಳದೆ ನಾನು ಮುಟ್ಟುವುದಿಲ್ಲ. ಅದು 64 ಅಡಿಯ ಕಾಂಟ್ರಾ ಟ್ರಂಬೋನ್. ಅಷ್ಟು ಉದ್ದದ ಪೂರ್ಣ ಕೊಳವೆಗಳ ಸಾಲು ಇಲ್ಲಿ ಬಿಟ್ಟರೆ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಮಾತ್ರ ಇದೆ. ಅದರ ಅತಿ ತಗ್ಗಿನ ಸ್ವರ ಸೆಕೆಂಡಿಗೆ ಸುಮಾರು ಎಂಟು ಕಂಪನಗಳದ್ದು. ಅಂದರೆ ಅದನ್ನು ಮನುಷ್ಯರ ಕಿವಿ ಸ್ವರವೆಂದು ಹಿಡಿಯಲಾರದು. ನಿಂತ ಹಲಗೆ ನಡುಗಿ, ಆ ನಡುಕ ಮೊಣಕಾಲಿನವರೆಗೆ ಏರಿದಾಗ ಅದು ಮಾತನಾಡುತ್ತಿದೆಯೆಂದು ತಿಳಿಯುತ್ತದೆ. ಹಾಡಿಗೆ ಷಡ್ಜವಿದ್ದಂತೆ ಉಳಿದ ನಾದಕ್ಕೆಲ್ಲ ಅದು ತಳಹದಿ ಹಾಕಿಕೊಡುತ್ತದೆ. ಇದನ್ನು ಧ್ವನಿಮುದ್ರಣದಲ್ಲಿ ಕೇಳಿ ತಿಳಿಯಲು ಸಾಧ್ಯವಿಲ್ಲ, ಆ ಸಭಾಂಗಣದಲ್ಲೇ ಕೂತಿರಬೇಕು.

ಕಛೇರಿ ಮುಗಿದು ಜನ ಎದ್ದ ಮೇಲೆ ಸ್ಟಾಪ್‌ಗಳನ್ನು ಒಂದೊಂದಾಗಿ ಒಳತಳ್ಳುತ್ತೇನೆ. ಗಾಳಿ ಊದುವ ಬ್ಲೋಯರ್ ನಿಲ್ಲಿಸಿದೊಡನೆ ತಿದಿಗಳು ನಿಟ್ಟುಸಿರಿನ ಸದ್ದಿನೊಂದಿಗೆ ಕುಗ್ಗುತ್ತವೆ. ಅಂದು ಯಾವ ರೀಡ್ ಶ್ರುತಿ ಬಿಟ್ಟಿತು, ಯಾವ ಮನೆಯಲ್ಲಿ, ಎಷ್ಟು ಸೆಕೆಯಿತ್ತು ಎಂಬುದನ್ನು ಶ್ರುತಿಗಾರರಿಗಾಗಿ ಪುಸ್ತಕದಲ್ಲಿ ಬರೆದಿಟ್ಟು ದೀಪ ಆರಿಸುತ್ತೇನೆ.