ಕಾಕಾ, ಒಂದ್ಸಲ ಎದ್ದು ನಿಂದರ್ರಿ

ಹೊಟ್ಟೆನೋವು ಅಂತ ರಾತ್ರಿ 10 ಗಂಟೆಗೆ ಬಂದಿದ್ದ ಒಬ್ಬ ಡಿಗ್ರಿ ಹುಡುಗನನ್ನು ನಾನು ಇವತ್ತಿಗೂ ಮರೆತಿಲ್ಲ. ಆಗ ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಹೊಸದಾಗಿ ಡ್ಯೂಟಿಗೆ ಸೇರಿದ್ದೆ. ಅವನಿಗೆ ಎರಡು ಸಲ ವಾಂತಿ ಆಗಿತ್ತು. ಹೊಟ್ಟೆ ಒತ್ತಿ ನೋಡಿದೆ, ಮೆತ್ತಗಿತ್ತು. ಇಂಜೆಕ್ಷನ್ ಕೊಟ್ಟು ಕಳಿಸಿದೆ. ಪ್ಯಾಂಟ್ ಸಡಿಲಿಸಿ ನೋಡಲಿಲ್ಲ. ಅವನೂ ಹೇಳಲಿಲ್ಲ, ಪಕ್ಕದಲ್ಲಿ ಅಕ್ಕ ನಿಂತಿದ್ದಳು. ಮರುದಿನ ಮಧ್ಯಾಹ್ನ ವಾಪಸ್ ಬಂದಾಗ ಎಡಗಡೆಯ ಬೀಜ ಬಾತು ಕೆಂಪಾಗಿತ್ತು. ಬೀಜಕ್ಕೆ ರಕ್ತ ಒಯ್ಯುವ ಹುರಿ ತಿರುಚಿಕೊಂಡಿತ್ತು. ಜಿಲ್ಲಾ ಕೇಂದ್ರಕ್ಕೆ ಕಳಿಸಿದೆವು. ಬೀಜ ಸತ್ತುಹೋಗಿದ್ದರಿಂದ ತೆಗೆಯಲೇಬೇಕಾಯಿತು. ತಪ್ಪು ನನ್ನದೇ.

ಬೀಜ ತಿರುಚಿದರೆ ಹೊಟ್ಟೆ ಯಾಕೆ ನೋಯಬೇಕು? ಗರ್ಭದಲ್ಲಿ ಬೀಜಗಳು ಹುಟ್ಟುವುದು ಹೊಟ್ಟೆಯೊಳಗೆ, ಕಿಡ್ನಿಯ ಹತ್ತಿರ. ಆಮೇಲೆ ತೊಡೆಸಂದಿನ ದಾರಿಯಲ್ಲಿ ಕೆಳಗಿನ ಚೀಲಕ್ಕೆ ಇಳಿಯುತ್ತವೆ. ಇಳಿಯುವಾಗ ತಮ್ಮ ನರ, ರಕ್ತನಾಳಗಳನ್ನು ಜೊತೆಗೇ ಎಳೆದು ತರುತ್ತವೆ. ಹಾಗಾಗಿ ಪೆಟ್ಟು ಅಲ್ಲಿ, ನೋವು ಇಲ್ಲಿ. ಇಳಿದು ಬಂದ ದಾರಿ ಗಂಡಸರಲ್ಲಿ ಸಡಿಲ ಜಾಗವಾಗಿ ಉಳಿಯುತ್ತದೆ. ಕರುಳು ಹೊರಗೆ ಜಾರಿ ಉಬ್ಬುವ ಹರ್ನಿಯಾ ಬರುವುದೂ ಅದೇ ದಾರಿಯಲ್ಲಿ. ಈ ಒಂದು ಸಂಗತಿ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸಲೀಸು.

ಆ ದಿನದಿಂದ ಹೊಟ್ಟೆನೋವು ಅಂತ ಬಂದ ಯಾವ ಗಂಡಸನ್ನೂ ಕೆಳಗೆ ನೋಡದೆ ನಾನು ಕಳಿಸಿಲ್ಲ.

ಮೊದಲ ಕೆಲಸ ನಾಚಿಕೆ ಬಿಡಿಸುವುದು. ಜೊತೆಗೆ ಬಂದವರನ್ನು ಹೊರಗೆ ಕೂರಿಸುತ್ತೇನೆ, ಪರದೆ ಎಳೆಯುತ್ತೇನೆ, ವಾರ್ಡ್ ಬಾಯ್ ಒಬ್ಬನನ್ನು ಹತ್ತಿರ ನಿಲ್ಲಿಸಿಕೊಳ್ಳುತ್ತೇನೆ. ಏನು ನೋಡುತ್ತೇನೆ, ಯಾಕೆ ನೋಡುತ್ತೇನೆ ಅಂತ ಮುಂಚೆಯೇ ಹೇಳುತ್ತೇನೆ. ಒಪ್ಪಿದ ಮೇಲೆ ಗ್ಲೌಸ್ ಹಾಕಿಕೊಳ್ಳುತ್ತೇನೆ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ತಣ್ಣನೆ ಕೈ ತಾಗಿದರೆ ಬೀಜ ಮೇಲಕ್ಕೆ ಸೇರಿಕೊಳ್ಳುತ್ತದೆ, ಪರೀಕ್ಷೆ ಸರಿಯಾಗುವುದಿಲ್ಲ.

ಆಮೇಲೆ ನಿಲ್ಲಿಸಿ ನೋಡುವುದು. ಇದನ್ನು ಎಷ್ಟು ಹೇಳಿದರೂ ಸಾಲದು. ಮಲಗಿಸಿದ ಕೂಡಲೇ ಹರ್ನಿಯಾ ಒಳಗೆ ಹೋಗಿಬಿಡುತ್ತದೆ, ಉಬ್ಬಿದ ರಕ್ತನಾಳಗಳು ಬರಿದಾಗುತ್ತವೆ. ಒಮ್ಮೆ ತೊಗರಿ ಮಾರ್ಕೆಟ್ಟಿನ ಹಮಾಲರೊಬ್ಬರು ಬಂದಿದ್ದರು. ವಯಸ್ಸು 50ರ ಆಸುಪಾಸು. ಬೇರೆ ಕಡೆ ಎರಡು ಸಲ ತೋರಿಸಿದ್ದರಂತೆ. ಎರಡೂ ಸಲ ಮಲಗಿಸಿ ನೋಡಿ, ಏನೂ ಇಲ್ಲ ಅಂದಿದ್ದರಂತೆ.

"ಚೀಲ ಎತ್ತಿದಾಗ ಬರ್ತದ್ರಿ ಸಾಹೇಬ್ರ, ಮಕ್ಕೊಂಡ್ರ ಹೋಗ್ತದ" ಅಂದರು.

"ಕಾಕಾ, ಒಂದ್ಸಲ ಎದ್ದು ನಿಂದರ್ರಿ. ಮಾರಿ ಆ ಕಡಿ ಮಾಡಿ ಜೋರಾಗಿ ಕೆಮ್ಮ್ರಿ."

ಕೆಮ್ಮಿದರು. ಬಲ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಎದ್ದಿತು. ಬೆರಳಿಟ್ಟರೆ ಕೆಮ್ಮಿದಾಗಲೆಲ್ಲ ಒದ್ದಂತೆ ತಾಗುತ್ತಿತ್ತು. ಪರೀಕ್ಷೆ ಅಷ್ಟೇ, ಸ್ಕ್ಯಾನಿಂಗ್ ಬೇಕಾಗಲಿಲ್ಲ.

ಉಬ್ಬು ಎಲ್ಲಿಂದ ಹೊರಟಿದೆ ಅಂತ ಹುಡುಕುವಾಗ ನನಗೆ ಗುರುತು ಒಂದು ಮೂಳೆಯ ಗಂಟು. ಗುಪ್ತಾಂಗದ ಬುಡದ ಮೇಲೆ, ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಬೆರಳಿಗೆ ಸಿಗುತ್ತದೆ. ಉಬ್ಬಿನ ಕುತ್ತಿಗೆ ಆ ಗಂಟಿನ ಮೇಲೆ, ಒಳಗಡೆಗೆ ಇದ್ದರೆ ಸಾಮಾನ್ಯ ತೊಡೆಸಂದಿನ ಹರ್ನಿಯಾ. ಗಂಟಿನ ಕೆಳಗೆ, ಹೊರಗಡೆಗೆ ಇದ್ದರೆ ತೊಡೆಯ ಹರ್ನಿಯಾ. ಎರಡನೆಯದು ಹೆಂಗಸರಲ್ಲಿ ಜಾಸ್ತಿ, ಗಂಡಸರಲ್ಲಿ ಕಡಿಮೆ. ಆದರೆ ಅದರ ಬಾಯಿ ಕಿರಿದು, ಕರುಳು ಸಿಕ್ಕಿಕೊಳ್ಳುವ ಭಯ ಹೆಚ್ಚು. ಅದನ್ನು ಕಾಯಿಸಬಾರದು. ಮಲಗಿಸಿ ಹರ್ನಿಯಾವನ್ನು ಒಳಗೆ ತಳ್ಳಿ, ಬೀಜ ಇಳಿದ ದಾರಿಯ ಒಳಬಾಯಿಯ ಮೇಲೆ ಹೆಬ್ಬೆರಳು ಒತ್ತಿ, ಮತ್ತೆ ಕೆಮ್ಮಿಸಿ, ಇದು ಆ ದಾರಿಯಲ್ಲೇ ಓರೆಯಾಗಿ ಬಂದದ್ದೋ ಹೊಟ್ಟೆಯ ಗೋಡೆಯಿಂದ ನೇರವಾಗಿ ಬಂದದ್ದೋ ಅಂತ ನೋಡುವ ಪರೀಕ್ಷೆ ಕಾಲೇಜಿನಲ್ಲಿ ಕಲಿಸುತ್ತಾರೆ. ನಾನೂ ಮಾಡುತ್ತೇನೆ. ಅದು ಎಷ್ಟೋ ಸಲ ತಪ್ಪುತ್ತದೆ, ಎರಡಕ್ಕೂ ಆಪರೇಷನ್ ಹೆಚ್ಚುಕಡಿಮೆ ಒಂದೇ. ಅದಕ್ಕಿಂತ ಕಾಕಾಗೆ ಉಚ್ಚೆ ಸಲೀಸಾಗಿ ಹೋಗುತ್ತದಾ, ಹಳೇ ಕೆಮ್ಮಿದೆಯಾ, ಬೀಡಿ ಸೇದುತ್ತಾರಾ, ಮಲ ಕಟ್ಟಿದೆಯಾ ಅಂತ ಕೇಳುವುದು ಮುಖ್ಯ. ತಿಣುಕುವುದು, ಕೆಮ್ಮುವುದು ನಿಲ್ಲದಿದ್ದರೆ ಆಪರೇಷನ್ನಿನಲ್ಲಿ ಹಾಕಿದ ಜಾಲರಿಯ ಮೇಲೂ ಒತ್ತಡ ಬೀಳುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಕರುಳು ಇಳಿದರೂ ಅಂಡವಾಯು, ನೀರು ತುಂಬಿದರೂ ಅಂಡವಾಯು. ಮಾತು ಒಂದೇ, ಕಾಯಿಲೆ ಬೇರೆ. ನೀರೆಂದು ತಿಳಿದು ಸೂಜಿ ಚುಚ್ಚಿದಾಗ ಒಳಗೆ ಕರುಳಿದ್ದರೆ ಜೀವಕ್ಕೇ ಕುತ್ತು. ಗುರುತಿಸುವುದು ಕಷ್ಟವೇನಲ್ಲ. ಬಾವಿನ ಮೇಲ್ಭಾಗವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿಯಲು ನೋಡಿ. ಬೆರಳುಗಳು ಕೂಡಿ, ನಡುವೆ ಬರೀ ಹುರಿ ಸಿಕ್ಕರೆ ಬಾವು ಚೀಲದ್ದೇ. ಬೆರಳು ಕೂಡದೆ ಬಾವು ತೊಡೆಸಂದಿನೊಳಗೆ ಮುಂದುವರಿದರೆ ಅದು ಮೇಲಿನಿಂದ ಇಳಿದದ್ದು. ಆಮೇಲೆ ಕೋಣೆ ಕತ್ತಲೆ ಮಾಡಿ ಹಿಂದಿನಿಂದ ಟಾರ್ಚ್ ಹಿಡಿಯುತ್ತೇನೆ. ನೀರಿದ್ದರೆ ಕೆಂಪಗೆ ದೀಪದ ಹಾಗೆ ಹೊಳೆಯುತ್ತದೆ. ಟಾರ್ಚನ್ನೇ ಪೂರಾ ನಂಬಬೇಡಿ. ವರ್ಷಗಟ್ಟಲೆ ಹಳೆಯದಾಗಿ ಗೋಡೆ ದಪ್ಪವಾಗಿದ್ದರೆ ನೀರಿದ್ದರೂ ಹೊಳೆಯುವುದಿಲ್ಲ. ಹಸುಗೂಸುಗಳಲ್ಲಿ ಕರುಳು ತೆಳುವಾದ್ದರಿಂದ ಹರ್ನಿಯಾ ಕೂಡ ಹೊಳೆಯಬಹುದು.

ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ ಕಡೆಯಲ್ಲೂ ಕರಾವಳಿಯಲ್ಲೂ ಆನೆಕಾಲು ರೋಗದ ಹುಳು ಇದ್ದದ್ದರಿಂದ ಇಂಥ ಹಳೇ ನೀರುಬಾವು ನಾವು ಬಹಳ ಕಂಡಿದ್ದೇವೆ. ಸೊಳ್ಳೆಯಿಂದ ಬರುವ ಆ ಹುಳು ಕಾಲನ್ನಷ್ಟೇ ಹಿಡಿಯುವುದಿಲ್ಲ, ಬೀಜದ ಚೀಲವನ್ನೂ ಹಿಡಿಯುತ್ತದೆ. ಆರೋಗ್ಯ ಇಲಾಖೆಯವರು ಮನೆಗೆ ಬಂದು ಕೊಡುವ ಮಾತ್ರೆಯನ್ನು ಎದುರಿಗೇ ನುಂಗಿ ಅಂತ ನಾನು ಒತ್ತಾಯ ಮಾಡುವುದು ಅದಕ್ಕೇ. ಈಗಾಗಲೇ ತುಂಬಿದ ನೀರು ಮಾತ್ರೆಯಿಂದ ಇಳಿಯುವುದಿಲ್ಲ, ಅದಕ್ಕೆ ಆಪರೇಷನ್ನೇ ಆಗಬೇಕು. ಸೂಜಿಯಲ್ಲಿ ತೆಗೆದರೆ ಮತ್ತೆ ತುಂಬುತ್ತದೆ.

ಎಡಗಡೆ ಚೀಲದಲ್ಲಿ ಎರೆಹುಳು ತುಂಬಿದ ಹಾಗೆ ಬೆರಳಿಗೆ ತಾಗಿದರೆ ಅದು ಉಬ್ಬಿದ ರಕ್ತನಾಳ. ಎಡಗಡೆಯ ನಾಳ ಕಿಡ್ನಿಯ ನಾಳಕ್ಕೆ ಲಂಬಕೋನದಲ್ಲಿ ಸೇರುವುದರಿಂದ ಆ ಕಡೆಯೇ ಜಾಸ್ತಿ. ಮಲಗಿದರೆ ಬರಿದಾಗಬೇಕು. ಬರಿದಾಗದಿದ್ದರೆ, ಅಥವಾ ಬಲಗಡೆ ಮಾತ್ರ ಇದ್ದರೆ, ನಾನು ಹೊಟ್ಟೆಯ ಸ್ಕ್ಯಾನಿಂಗ್ ಬರೆಯುತ್ತೇನೆ. ಒಳಗೆ ಕಿಡ್ನಿಯ ಗಡ್ಡೆ ನಾಳವನ್ನು ಒತ್ತುತ್ತಿರಬಹುದು.

ಬೀಜವನ್ನೇ ಮುಟ್ಟುವಾಗ ಅವಸರ ಬೇಡ. ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಉರುಳಿಸಿ ನೋಡುತ್ತೇನೆ. ನುಣುಪಾಗಿರಬೇಕು. ಹಿಂದೆ ಹಗ್ಗದ ಸುರುಳಿಯಂತೆ ಸಿಗುವುದು ಸಹಜ, ಅದನ್ನು ಗಂಟು ಅಂತ ಹೆದರಿ ಬರುವವರು ಎಷ್ಟೋ ಜನ. ಬೀಜದ ಮೈಯಲ್ಲೇ ಕಲ್ಲಿನಂತಹ ಗಂಟು ಇದ್ದು ನೋವೇ ಇಲ್ಲದಿದ್ದರೆ ನನಗೆ ದಿಗಿಲು. 15ರಿಂದ 40ರೊಳಗಿನವರಲ್ಲಿ ಅದು ಕ್ಯಾನ್ಸರ್ ಇರಬಹುದು. ನೋವಿಲ್ಲವಲ್ಲ ಅಂತ ಬಿಡುತ್ತಾರೆ, ಎಂಥ ಹಾನಿ ಅಲ್ವಾ! ಬೇಗ ಬಂದರೆ ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ. ಸ್ಕ್ಯಾನಿಂಗ್, ರಕ್ತಪರೀಕ್ಷೆ ಮಾಡಿಸಿ ಕಳಿಸಬೇಕು. ಚೀಲದ ಮೂಲಕ ಸೂಜಿ ಹಾಕಿ ತುಣುಕು ತೆಗೆಯಲು ಹೋಗಬಾರದು.

ಮುಂದೊಗಲನ್ನು ಹಿಂದೆ ಸರಿಸಿ ನೋಡುವುದನ್ನೂ ಬಿಡುವುದಿಲ್ಲ. ದೊಡ್ಡವರಲ್ಲಿ ಅದು ಹೊಸದಾಗಿ ಬಿಗಿಯಾಗಿ, ಅಂಚಿನಲ್ಲಿ ಬಿರುಕು ಬಿಟ್ಟಿದ್ದರೆ ಅಲ್ಲೇ ಶುಗರ್ ಪರೀಕ್ಷೆ ಮಾಡಿಸುತ್ತೇನೆ. ತಮಗೆ ಶುಗರ್ ಇದೆ ಅಂತ ಆ ದಿನವೇ ಗೊತ್ತಾದವರು ಹಲವರಿದ್ದಾರೆ. ನೋಡಿದ ಮೇಲೆ ತೊಗಲನ್ನು ಮರೆಯದೆ ಮುಂದೆ ತರಬೇಕು. ಹಿಂದೆಯೇ ಬಿಟ್ಟರೆ ತುದಿ ಬಾತು, ತೊಗಲು ಕುಣಿಕೆಯಂತೆ ಬಿಗಿಯುತ್ತದೆ. ಉಚ್ಚೆ ನಳಿಕೆ ಹಾಕಿದ ಮೇಲೆ ಹೀಗಾದದ್ದನ್ನು ನಾನು ಕಂಡಿದ್ದೇನೆ.

ಹೆತ್ತವರಿಗೆ ಒಂದು ಮಾತು. ಕೂಸಿನ ಚೀಲದಲ್ಲಿ ಎರಡೂ ಬೀಜ ಇಳಿದಿವೆಯಾ ಅಂತ ಲಸಿಕೆಗೆ ಬಂದಾಗ ಕೇಳಿ. 6 ತಿಂಗಳಾದರೂ ಇಳಿಯದಿದ್ದರೆ ಸರ್ಜನ್‌ಗೆ ತೋರಿಸಿ, ಆಪರೇಷನ್ ಬೇಕಾದರೆ ಒಂದೂವರೆ ವರ್ಷದೊಳಗೆ ಆಗಬೇಕು.

ಹಮಾಲ ಕಾಕಾಗೆ ನಾನು ಎರಡು ಮಾತು ಬರೆದುಕೊಟ್ಟಿದ್ದೆ. ಉಬ್ಬು ಒಳಗೆ ಹೋಗದೆ ಗಟ್ಟಿಯಾಗಿ, ನೋವು, ವಾಂತಿ ಶುರುವಾದರೆ ಬೆಳಗಿನ ತನಕ ಕಾಯಬೇಡಿ, ಅದೇ ರಾತ್ರಿ ಬನ್ನಿ. ಬೀಜದ ನೋವು ಒಮ್ಮೆಲೇ ಎದ್ದರೂ ಹಾಗೇ, 6 ತಾಸಿನೊಳಗೆ ಆಪರೇಷನ್ ಟೇಬಲ್ ಮೇಲಿರಬೇಕು. ಎರಡನೆಯದು ತಮಗಲ್ಲ, ಮೊಮ್ಮಗನಿಗೆ ಅಂತ ಹೇಳಿ ಅವರು ಚೀಟಿ ಮಡಚಿ ಟೊಪ್ಪಿಗೆಯೊಳಗೆ ಇಟ್ಟುಕೊಂಡರು.