ಹೋಗಬೇಕೇ, ಉಳಿಯಬೇಕೇ: ಪವಿತ್ರಾತ್ಮನ ನಡೆಸುವಿಕೆಯನ್ನು ನಾನು ಪರಿಶೋಧಿಸುವ ರೀತಿ

ದೊಡ್ಡ ತೀರ್ಮಾನ ಎದುರಾದಾಗ ಪ್ರಾರ್ಥನೆಗೆ ಕೂರುವ ಮೊದಲು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳುತ್ತೇನೆ. ‘ಕರ್ತನೇ, ಮುಂದಿನ ದಾರಿ ತೋರಿಸು’ ಎಂದಷ್ಟೇ ಕೇಳಿದರೆ, ಉತ್ತರ ಬಂದರೂ ಅದೇ ಉತ್ತರವೆಂದು ಗೊತ್ತಾಗುವುದಿಲ್ಲ. ‘ಎರಡು ವರ್ಷದ ಒಪ್ಪಂದಕ್ಕೆ ಸಹಿ ಹಾಕಿ ಗಲ್ಫ್‌ಗೆ ಹೋಗಬೇಕೇ, ಊರಿನ ಕೆಲಸದಲ್ಲೇ ಉಳಿಯಬೇಕೇ’ ಎಂದು ಬರೆದರೆ ಪ್ರಾರ್ಥನೆಗೆ ಹಿಡಿತ ಸಿಗುತ್ತದೆ.

ಸತ್ಯವೇದ (ಬೈಬಲ್) ಈಗಾಗಲೇ ಹೇಳಿರುವುದನ್ನು ಮತ್ತೆ ಕೇಳುವುದಿಲ್ಲ. ಕೆಲಸದಾಳಿನ ಕೂಲಿ ತಡೆಹಿಡಿಯುವುದು ಪಾಪವೆಂದು ಯಾಕೋಬ 5:4ರಲ್ಲೇ ಇದೆ. ಸುಳ್ಳು ಅನುಭವಪತ್ರ ತೋರಿಸಿ ಕೆಲಸ ಹಿಡಿಯಲೇ ಎಂಬುದಕ್ಕೆ ಉಪವಾಸ ಪ್ರಾರ್ಥನೆ ಬೇಕಿಲ್ಲ.

ಎರಡು ದಾರಿಯೂ ಒಳ್ಳೆಯವೇ ಆಗಿದ್ದಾಗ ನನಗೆ ಹೆಚ್ಚು ನೆರವಾದದ್ದು, ಯೋಧರಾಗಿದ್ದು ಆಮೇಲೆ ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾ ಅವರ ಪದ್ಧತಿ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕದನದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿದುಕೊಂಡು ಮಲಗಿದ್ದಾಗ ಅವರು ಒಂದು ಸಂಗತಿ ಗಮನಿಸಿದರು. ಯೋಧನ ಸಾಹಸಗಳ ಕನಸು ಆ ಹೊತ್ತಿಗೆ ಹಿತವಾಗಿದ್ದು, ಮುಗಿದ ಮೇಲೆ ಮನಸ್ಸನ್ನು ಬರಡು ಮಾಡುತ್ತಿತ್ತು. ಸಂತರಂತೆ ಕ್ರಿಸ್ತನಿಗಾಗಿ ಬಾಳುವ ಯೋಚನೆಯೋ, ಮುಗಿದ ಮೇಲೂ ಸಂತೋಷ ಉಳಿಸುತ್ತಿತ್ತು. ಆದ್ದರಿಂದ ಯೋಚನೆ ಶುರುವಾದಾಗಿನ ಹುರುಪಿಗಿಂತ, ಅದು ಎಲ್ಲಿಗೆ ತಂದು ಬಿಡುತ್ತದೆ ಎಂಬುದನ್ನು ನೋಡಬೇಕು.

ಇದನ್ನು ನಾನು ಹೀಗೆ ಮಾಡುತ್ತೇನೆ. ಮೂರು ದಿನ ‘ಹೋಗುವುದೇ ಖಚಿತ’ ಎಂದುಕೊಂಡು ಇರುತ್ತೇನೆ, ಯಾರಿಗೂ ಹೇಳುವುದಿಲ್ಲ. ಮುಂದಿನ ಮೂರು ದಿನ ‘ಉಳಿಯುವುದೇ ಖಚಿತ’. ಬೆಳಿಗ್ಗೆ 20 ನಿಮಿಷ ಹೊಸ ಒಡಂಬಡಿಕೆಯ ಒಂದೇ ಪತ್ರಿಕೆಯನ್ನು ಸಾಲಾಗಿ ಓದಿ ಪ್ರಾರ್ಥನೆ. ರಾತ್ರಿ ನೋಟ್‌ಬುಕ್ಕಿನಲ್ಲಿ ಎರಡೇ ಸಾಲು. ಮೊದಲ ಸಾಲು, ಮನಸ್ಸು ಹೇಗಿತ್ತು. ಎರಡನೆಯದು, ಮನೆಯವರ ಜೊತೆ, ಕೆಲಸದವರ ಜೊತೆ ಹೇಗೆ ನಡೆದುಕೊಂಡೆ. ನಾನು ಹೆಚ್ಚು ನಂಬುವುದು ಎರಡನೆಯ ಸಾಲನ್ನು. ಸಂಬಳದ ಲೆಕ್ಕ ಹಾಕಿದರೂ ಮನಸ್ಸಿಗೆ ಹಗುರ ಎನಿಸುತ್ತದೆ, ಅದನ್ನೇ ಸಮಾಧಾನ ಎಂದುಕೊಳ್ಳುವುದು ಸುಲಭ. ಆದರೆ ಗಲಾತ್ಯ 5:22-23ರಲ್ಲಿ ಆತ್ಮನ ಫಲವೆಂದು ಹೇಳಿರುವ ದೀರ್ಘಶಾಂತಿ, ದಯೆ, ಸಾಧುತ್ವ ಇವೆಲ್ಲ ಇನ್ನೊಬ್ಬರ ಎದುರಿಗೇ ಗೊತ್ತಾಗುವಂಥವು. ‘ಹೋಗುವ’ ಮೂರು ದಿನ ಮನೆಯಲ್ಲಿ ಸಿಡಿಮಿಡಿ, ಮುಚ್ಚುಮರೆ ಹೆಚ್ಚಿದ್ದರೆ ಅದನ್ನು ತಳ್ಳಿಹಾಕಬಾರದು.

ಮನಸ್ಸು ಕುಗ್ಗಿ, ಪ್ರಾರ್ಥನೆಯೇ ಒಣಗಿರುವಾಗ ಹಳೆಯ ತೀರ್ಮಾನ ಬದಲಿಸಬೇಡ ಎನ್ನುತ್ತಾರೆ ಇಗ್ನೇಷಿಯಸ್. ಇದೊಂದನ್ನು ಪಾಲಿಸಿದರೂ ಎಷ್ಟೋ ರಾಜೀನಾಮೆಗಳು, ಎಷ್ಟೋ ಸಭೆ (ಚರ್ಚ್) ಬಿಡುವ ಜಗಳಗಳು ತಪ್ಪುತ್ತವೆ. 1 ಅರಸುಗಳು 19ರಲ್ಲಿ ಸಾಯಬೇಕೆಂದು ಬೇಡಿಕೊಂಡ ಪ್ರವಾದಿ ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ನಿದ್ದೆ, ರೊಟ್ಟಿ, ನೀರು, ಅದೂ ಎರಡು ಸಲ. ‘ಇಲ್ಲೇನು ಮಾಡುತ್ತೀ’ ಎಂಬ ಪ್ರಶ್ನೆ ಬಂದದ್ದು ಆಮೇಲೆ. ಹಾಗಾಗಿ ನಿದ್ದೆಗೆಟ್ಟ ವಾರದಲ್ಲಿ ಬರೆದ ಸಾಲುಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಜನ ಹೆಚ್ಚು ಎಡವುವುದು ಗುರುತು ಹುಡುಕುವಲ್ಲಿ. ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟ ವಚನ, ಹೊಸ ವರ್ಷಕ್ಕೆ ವಚನ ಬರೆದು ಕೊಡುವ ವಾಗ್ದಾನ ಕಾರ್ಡು, ಯಾರೋ ನುಡಿದ ಪ್ರವಾದನೆ. ಬೇಕಾದ ಉತ್ತರ ಮೊದಲೇ ಮನಸ್ಸಿನಲ್ಲಿದ್ದರೆ ಯಾವ ವಚನವೂ ಅದಕ್ಕೆ ಹೊಂದಿಕೊಳ್ಳುತ್ತದೆ. ನ್ಯಾಯಸ್ಥಾಪಕರು 6ರಲ್ಲಿ ಗಿದ್ಯೋನ ದೇವರಿಂದ ಗುರುತು ಕೇಳಿ ಉಣ್ಣೆ ಹರವಿದನಲ್ಲ ಎನ್ನುತ್ತಾರೆ. ಆದರೆ ಆ ಹೊತ್ತಿಗೆ ಅವನಿಗೆ ದೇವರ ಆಜ್ಞೆ ಸಿಕ್ಕಾಗಿತ್ತು, ಸಾಲದೆ ಬಂದದ್ದು ಧೈರ್ಯ.

ಇನ್ನೊಂದು, ‘ದೇವರೇ ನನಗೆ ಹೇಳಿದರು’ ಎಂಬ ಮಾತು. ಅದನ್ನು ಹೇಳಿದ ಮೇಲೆ ಸಭಾಪಾಲಕರಾಗಲಿ ಹೆಂಡತಿಯಾಗಲಿ ಏನು ತಾನೇ ಹೇಳಿಯಾರು? ಅಪೊಸ್ತಲರ ಕೃತ್ಯಗಳು 16ರಲ್ಲಿ ಆಸ್ಯ ಸೀಮೆಗೂ ಬಿಥೂನ್ಯ ಸೀಮೆಗೂ ಹೋಗದಂತೆ ತಡೆಯಾಗಿ ತ್ರೋವ ಪಟ್ಟಣಕ್ಕೆ ಬಂದಾಗ, ಮಕೆದೋನ್ಯದವನ ದರ್ಶನ ಕಂಡದ್ದು ಪೌಲನೊಬ್ಬನಿಗೆ. ದೇವರ ಕರೆ ಇದೇ ಎಂದು ನಿಶ್ಚಯಿಸಿದ್ದು ‘ನಾವು’ ಎನ್ನುತ್ತಾನೆ ಆ ಪುಸ್ತಕ ಬರೆದ, ಜೊತೆಗೇ ಇದ್ದ ಲೂಕ. ಅದಕ್ಕೇ ನೋಟ್‌ಬುಕ್ ಹಿಡಿದು ಇಬ್ಬರ ಬಳಿ ಹೋಗುತ್ತೇನೆ: ತೀರ್ಮಾನದಿಂದ ಲಾಭವಾಗಲಿ ನಷ್ಟವಾಗಲಿ ಇಲ್ಲದ ಒಬ್ಬ ಹಿರಿಯರು, ಅದರ ಭಾರ ಹೊರಬೇಕಾದ ಒಬ್ಬರು. ‘ದೇವರು ಹೇಳಿದರು’ ಎನ್ನದೆ ‘ನನಗೆ ಹೀಗೆ ತೋರುತ್ತಿದೆ, ನಿಮಗೆ?’ ಎಂದು ಕೇಳುತ್ತೇನೆ. ಇಬ್ಬರೂ ಹಿಂಜರಿದರೆ ಸಹಿ ಮುಂದಕ್ಕೆ ಹೋಗುತ್ತದೆ. ಒಪ್ಪಿದರೆ ತಾರೀಖು ಹಾಕಿ, ಕಾರಣ ಬರೆದಿಡುತ್ತೇನೆ. ಆಮೇಲೆ ಹೊಸ ಸಂಗತಿ ತಿಳಿದರೆ ಮಾತ್ರ ಆ ಪುಟ ಮತ್ತೆ ತೆರೆಯುವುದು.